ಕಾಫಿಪುಡಿ ಅಂಗಡಿಗೆ ಲೋಗೋ ಮಾಡಿಸಬೇಕು: ಮೂರು ಕೊಟೇಶನ್ ಬಂದಿವೆ, ಡಿಸೈನರ್ ಹತ್ತಿರ ಏನೇನು ಕೇಳಿಕೊಳ್ಳಬೇಕು?

ಡಿಕಾಕ್ಷನ್_560004

ಬಸವನಗುಡಿಯಲ್ಲಿ ನಮ್ಮದು ಕಾಫಿಪುಡಿ ಅಂಗಡಿ, ಅಣ್ಣ ತಮ್ಮಂದಿರ ಪಾಲುದಾರಿಕೆ. ಹುರಿಯೋದು, ಬೀಸೋದು ಎಲ್ಲ ಅಂಗಡಿಯಲ್ಲೇ. ಜೆ.ಪಿ. ನಗರದಲ್ಲಿ ಎರಡನೇ ಅಂಗಡಿ ತೆರೀತಾ ಇದ್ದೀವಿ, ಜೊತೆಗೆ 250 ಗ್ರಾಂ, 500 ಗ್ರಾಂ ಪೌಚ್ ಮಾಡಿ ಆನ್‌ಲೈನ್ ಮಾರಾಟಕ್ಕೂ ಇಳೀತೀವಿ. ಇಲ್ಲಿವರೆಗೆ ಬೋರ್ಡ್ ಮೇಲೆ ಪೇಂಟರ್ ಬರೆದ ಅಕ್ಷರ ಬಿಟ್ಟರೆ ಲೋಗೋ ಅಂತ ಏನೂ ಇಲ್ಲ. ಈಗ ಮೂರು ಕೊಟೇಶನ್ ಕೈಯಲ್ಲಿವೆ.

ಮೊದಲನೆಯದು ₹6,000: ಮೂರು ದಿನದಲ್ಲಿ ಹತ್ತು ಆಪ್ಷನ್, ಎಷ್ಟು ಸಲ ಬೇಕಾದರೂ ಬದಲಾವಣೆ. ಎರಡನೆಯದು ಫ್ರೀಲಾನ್ಸ್ ಡಿಸೈನರ್, ₹45,000: ಐದು ವಾರ, ಮೂರು ಬೇರೆ ಬೇರೆ ಯೋಚನೆ ತೋರಿಸಿ ಒಂದನ್ನು ಬೆಳೆಸ್ತಾರೆ, ಎರಡು ಸುತ್ತು ತಿದ್ದುಪಡಿ. ಮೂರನೆಯದು ಇಂದಿರಾನಗರದ ಸ್ಟುಡಿಯೋ, ₹2.2 ಲಕ್ಷ, ಅದರ ಮೇಲೆ 18% ಜಿಎಸ್‌ಟಿ, ಪೌಚ್ ಡಿಸೈನೂ ಸೇರಿ.

ಟ್ರೇಡ್‌ಮಾರ್ಕ್ ಅರ್ಜಿ ಇನ್ನೂ ಹಾಕಿಲ್ಲ, ಹಾಗಾಗಿ ಹೆಸರು ಇಲ್ಲಿ ಹೇಳಲ್ಲ. ಎರಡು ಪದ, ಎರಡು ಕಡೆ ಒತ್ತಕ್ಷರ, ಒಂದು ಕಡೆ ಅನುಸ್ವಾರ ಇದೆ.

ಕೇಳಬೇಕಾಗಿರೋದು ಇಷ್ಟು. ಈ ಮೂರರ ನಡುವೆ ನಿಜವಾದ ವ್ಯತ್ಯಾಸ ಏನು? ಡಿಸೈನರ್‌ಗೆ ನಾವು ಬರೆದು ಕೊಡಬೇಕಾದ್ದು ಏನು? ಇಂಗ್ಲಿಷ್ ಲೋಗೋ ಮೊದಲು ಮಾಡಿ ಆಮೇಲೆ ಕನ್ನಡಕ್ಕೆ ಹೊಂದಿಸ್ತೀವಿ ಅಂತ ಇಬ್ಬರು ಹೇಳ್ತಾರೆ, ಅದು ಸರಿನಾ? ಕೊನೆಗೆ ಯಾವ ಯಾವ ಫೈಲ್ ಕೈಗೆ ಬರಬೇಕು, ಲೋಗೋ ಯಾರ ಸ್ವತ್ತು?

ಅಕ್ಷರ_ಅಳತೆ

ಬೆಲೆ ಹೋಲಿಸೋ ಮುಂಚೆ ಮೂವರಿಗೂ ಒಂದೇ ಪ್ರಶ್ನೆ ಹಾಕಿ: "ನೀವೇ ಮಾಡಿದ ಕನ್ನಡ ಲೋಗೋ ಎರಡು ತೋರಿಸಿ, ಅದರ ಬೋರ್ಡ್ ಯಾವ ರಸ್ತೆಯಲ್ಲಿದೆ ಹೇಳಿ." ಹೇಳಿದರೆ ಹೋಗಿ ರಸ್ತೆಯ ಆಚೆ ಬದಿಯಿಂದ ನೋಡಿ. ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿದೆಯಾ, ತಲೆಕಟ್ಟುಗಳು ಒಂದೇ ಸಾಲಿನಲ್ಲಿವೆಯಾ, 'ಪ' ಮತ್ತು 'ವ' ದೂರದಿಂದ ಬೇರೆ ಬೇರೆಯಾಗಿ ಕಾಣುತ್ತಾ? ಬೆಂಗಳೂರಿನಲ್ಲಿ ಇಂಗ್ಲಿಷ್ ಲೋಗೋ ಚೆನ್ನಾಗಿ ಮಾಡೋರು ತುಂಬಾ ಜನ ಇದ್ದಾರೆ, ಕನ್ನಡ ಅಕ್ಷರ ಕೂತು ಬರೆಯೋರು ಕಡಿಮೆ. ನಿಮ್ಮ ಆಯ್ಕೆ ಇಲ್ಲೇ ಅರ್ಧ ಮುಗಿಯುತ್ತೆ.

ಈಗ ಕೊಟೇಶನ್. ಮೂರು ದಿನಕ್ಕೆ ಹತ್ತು ಆಪ್ಷನ್ ಬರಬೇಕಾದರೆ ಅದು ರೆಡಿ ಟೆಂಪ್ಲೇಟ್‌ನಿಂದಲೇ ಬರಬೇಕು. ಕ್ಯಾನ್ವಾದಂಥ ತಾಣಗಳ ಟೆಂಪ್ಲೇಟ್ ಚಿತ್ರಗಳನ್ನು ಯಾರು ಬೇಕಾದರೂ ಬಳಸಬಹುದು, ಅದರ ಮೇಲೆ ನಿಮಗೊಬ್ಬರಿಗೇ ಹಕ್ಕು ಸಿಗಲ್ಲ. ನಾಳೆ ವಿಜಯನಗರದಲ್ಲಿ ಇನ್ನೊಬ್ಬರು ಅದೇ ಕಾಫಿ ಬೀಜ ಹಾಕಿಕೊಂಡರೆ ತಡೆಯೋಕಾಗಲ್ಲ. ಯಾವ ಲೋಗೋ ಬಂದರೂ ಅದರ ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡೋದನ್ನು ಮಾತ್ರ ಬಿಡಬೇಡಿ. "ಎಷ್ಟು ಸಲ ಬೇಕಾದರೂ ಬದಲಾವಣೆ" ಅನ್ನೋದು ಕೇಳೋಕೆ ಚೆಂದ, ಆದರೆ ಅಲ್ಲಿ ಯಾರೂ ಏನನ್ನೂ ತೀರ್ಮಾನ ಮಾಡಲ್ಲ. ಹನ್ನೆರಡನೇ ತಿದ್ದುಪಡಿ ಹೊತ್ತಿಗೆ ಮೊದಲನೆಯದೇ ವಾಸಿ ಅನಿಸುತ್ತೆ.

ಸ್ಟುಡಿಯೋಗೆ ಲೋಗೋ ಬೇರೆ, ಪೌಚ್ ಬೇರೆ ಅಂತ ಬಿಡಿಸಿ ಕೊಡೋಕೆ ಹೇಳಿ. ಎರಡನ್ನೂ ಕೂಡಿಸಿದರೆ ಯಾವುದಕ್ಕೆ ಎಷ್ಟು ಅಂತ ಗೊತ್ತಾಗಲ್ಲ, ಪೌಚ್ ಗಾತ್ರ ಬದಲಾದರೆ ಮತ್ತೆ ಲೆಕ್ಕ. ನಿಮ್ಮ ಗಾತ್ರದ ವ್ಯಾಪಾರಕ್ಕೆ ಎರಡನೇ ಕೊಟೇಶನ್ನೇ ಹೊಂದುತ್ತೆ ಅಂತ ನನ್ನ ಅಭಿಪ್ರಾಯ, ಆದರೆ ಮೇಲಿನ ಕನ್ನಡ ಪರೀಕ್ಷೆಯಲ್ಲಿ ಅವರು ಪಾಸಾದರೆ ಮಾತ್ರ.

ಬರೆದು ಕೊಡಬೇಕಾದ್ದು ಎರಡು ಪುಟ ಸಾಕು. ಅದರಲ್ಲಿ "ಟ್ರೆಡಿಷನಲ್ ಆಗಿರಬೇಕು, ಮಾಡರ್ನ್ ಕೂಡ ಆಗಿರಬೇಕು" ಅಂತ ಬರೀಬೇಡಿ, ಅದರಿಂದ ಡಿಸೈನರ್‌ಗೆ ಏನೂ ಸಿಗಲ್ಲ. ಗಿರಾಕಿ ಯಾರು, ಪುಡಿ ಯಾವುದು (ಪ್ಯೂರ್ ಎಷ್ಟು ಹೋಗುತ್ತೆ, ಚಿಕೋರಿ ಬೆರೆಸಿದ್ದು ಎಷ್ಟು), ಕೆಜಿಗೆ ಏನು ರೇಟು, ಮುಂದೆ ಕಾಫಿ ಮಾಡಿ ಕೊಡೋ ಕೌಂಟರ್ ಇಡೋ ಯೋಚನೆ ಇದೆಯಾ, ಇಷ್ಟನ್ನು ಬರೀರಿ. ಇಷ್ಟವಾದ ಐದು ಲೋಗೋ, ಇಷ್ಟವಾಗದ ಐದು ಲೋಗೋ ಅಂಟಿಸಿ ಪ್ರತಿಯೊಂದಕ್ಕೂ ಒಂದು ಸಾಲು ಕಾರಣ ಹಾಕಿ. ಇಷ್ಟವಾಗದ ಪಟ್ಟಿಯೇ ಹೆಚ್ಚು ಉಪಯೋಗಕ್ಕೆ ಬರೋದು.

ಆಮೇಲೆ ಮುಖ್ಯವಾದ ಪಟ್ಟಿ: ಲೋಗೋ ಎಲ್ಲೆಲ್ಲಿ ಬರುತ್ತೆ, ಯಾವ ಅಳತೆಯಲ್ಲಿ. ಅತಿ ಚಿಕ್ಕದರಿಂದ ಶುರು ಮಾಡಿ. 58 ಮಿ.ಮೀ. ಬಿಲ್ ಪ್ರಿಂಟರ್ ಅಡ್ಡಕ್ಕೆ ಹೊಡೆಯೋದು 384 ಚುಕ್ಕಿ ಮಾತ್ರ, ಅದೂ ಬರೀ ಕಪ್ಪು, ಬೂದು ಬಣ್ಣ ಇಲ್ಲವೇ ಇಲ್ಲ. ವಾಟ್ಸಾಪ್ ಡಿಪಿ ವೃತ್ತಾಕಾರಕ್ಕೆ ಕತ್ತರಿಸುತ್ತೆ, ಉದ್ದ ಹೆಸರಿನ ಎರಡು ತುದಿ ಹೋಗುತ್ತೆ. ಕೊರಿಯರ್ ಡಬ್ಬಿ ಮೇಲೆ ರಬ್ಬರ್ ಸ್ಟ್ಯಾಂಪ್, ಪೌಚ್ ಮುಖ, ಹತ್ತು ಅಡಿ ಬೋರ್ಡ್. ಬಿಲ್ ಮೇಲೆ ನಿಲ್ಲದ ಲೋಗೋ ಬೇರೆಲ್ಲೂ ಗಟ್ಟಿಯಾಗಿ ನಿಲ್ಲಲ್ಲ.

ಡಿಸೈನರ್ ಕೆಲಸ ಶುರು ಮಾಡೋ ಮುಂಚೆ ಗಾಂಧಿ ಬಜಾರ್‌ನಿಂದ ಡಿ.ವಿ.ಜಿ. ರಸ್ತೆವರೆಗೆ, ಜೆ.ಪಿ. ನಗರದ ನಿಮ್ಮ ಹೊಸ ರಸ್ತೆಯಲ್ಲೂ ಕಾಫಿ ಬೋರ್ಡ್‌ಗಳ ಫೋಟೋ ತೆಗೆದು ಒಂದೇ ಹಾಳೆಯಲ್ಲಿ ಹಾಕಿ ಕೊಡಿ. ಹಬೆಯಾಡೋ ಲೋಟ, ಎರಡು ಬೀಜ, ಕಂದು ಬಣ್ಣ, ಇದೇ ಸಾಲು ಸಾಲಾಗಿ ಕಾಣುತ್ತೆ. ಯಾವುದನ್ನು ಬಿಡಬೇಕು ಅನ್ನೋದು ಆ ಹಾಳೆಯಿಂದಲೇ ತಿಳಿಯುತ್ತೆ. ಮಾರೋ ವಸ್ತುವಿನ ಚಿತ್ರ ಲೋಗೋದಲ್ಲಿ ಇರಲೇಬೇಕು ಅಂತೇನಿಲ್ಲ. ನಮ್ಮ ಸರ್ಕಾರಿ ಸೋಪ್ ಕಾರ್ಖಾನೆಯ ಮೈಸೂರ್ ಸ್ಯಾಂಡಲ್ ನೋಡಿ: ಅದರ ಗುರುತು ಸಿಂಹದ ಮೈ, ಆನೆಯ ತಲೆ ಇರೋ ಶರಭ. ಸೋಪಿಗೂ ಶರಭಕ್ಕೂ ಏನೂ ಸಂಬಂಧ ಇಲ್ಲ, ಆದರೂ ಆ ಗುರುತನ್ನು ಬೇರೆ ಸೋಪು ಅಂತ ಯಾರೂ ತಿಳಿಯಲ್ಲ.

ಕನ್ನಡ ಮೊದಲೋ ಇಂಗ್ಲಿಷ್ ಮೊದಲೋ ಅನ್ನೋದಕ್ಕೆ ನನ್ನ ಉತ್ತರ ಗಟ್ಟಿ: ಕನ್ನಡ ಮೊದಲು. ಇಂಗ್ಲಿಷ್ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ, ಒಂದು ಪಟ್ಟಿಯೊಳಗೆ ಕೂತುಬಿಡುತ್ತವೆ. ಕನ್ನಡದಲ್ಲಿ ನಡುವಿನ ಅಕ್ಷರ, ಮೇಲೆ ತಲೆಕಟ್ಟು ಮತ್ತು ಗುಡಿಸು, ಕೆಳಗೆ ಒತ್ತು, ಹೀಗೆ ಮೂರು ಅಂತಸ್ತು. ಇಂಗ್ಲಿಷ್‌ನ ಪಟ್ಟಿ ಮೊದಲು ಎಳೆದು ಅದರೊಳಗೆ ಕನ್ನಡ ತುರುಕಿದರೆ ಎರಡರಲ್ಲಿ ಒಂದು ಆಗುತ್ತೆ: ಇಡೀ ಪದ ಚಿಕ್ಕದಾಗುತ್ತೆ, ಇಲ್ಲವೇ ಒತ್ತನ್ನು ಕುಗ್ಗಿಸಿ ಮೇಲಿನ ಅಕ್ಷರದ ಸಂದಿಗೆ ಸಿಕ್ಕಿಸ್ತಾರೆ. ಕನ್ನಡ ಪದ ಮೊದಲು ಕೂತರೆ ಅದರ ಗೆರೆಯ ದಪ್ಪ, ಬಾಗು ನೋಡಿಕೊಂಡು ಇಂಗ್ಲಿಷ್ ಬರೆಯೋದು ಕಷ್ಟವಲ್ಲ.

ತಾಂತ್ರಿಕ ವಿಷಯ ಒಂದಿದೆ, ಡಿಸೈನರ್‌ಗಳು ಲೋಗೋ ಬಿಡಿಸೋ ಇಲ್ಲಸ್ಟ್ರೇಟರ್ ಸಾಫ್ಟ್‌ವೇರ್‌ನದ್ದು. ಇಲ್ಲಸ್ಟ್ರೇಟರ್‌ನ ಟೈಪ್ ಪ್ರಿಫರೆನ್ಸ್‌ನಲ್ಲಿ ಇಂಡಿಕ್ ಆಪ್ಷನ್ ಆನ್ ಮಾಡಿ, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ಸೌತ್ ಏಷ್ಯನ್ ಕಂಪೋಸರ್ ಆರಿಸದೆ ಯೂನಿಕೋಡ್ ಕನ್ನಡ ಪೇಸ್ಟ್ ಮಾಡಿದರೆ ಒತ್ತಕ್ಷರ ಒಡೆಯುತ್ತೆ. 'ಕ್ಷ' ಇರಬೇಕಾದ ಕಡೆ 'ಕ್‌ಷ' ಬರುತ್ತೆ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತೆ. ಕನ್ನಡ ಓದಲು ಬರದ ಡಿಸೈನರ್‌ಗೆ ಇದು ಕಣ್ಣಿಗೇ ಬೀಳಲ್ಲ. ಹೆಸರನ್ನು ನೀವು ಕೈಯಲ್ಲಿ ದಪ್ಪಗೆ ಬರೆದು ಫೋಟೋ ತೆಗೆದು ಕೊಡಿ, ಪ್ರತಿ ಸುತ್ತಿನಲ್ಲೂ ಅದರ ಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಿ.

ಫಾಂಟ್ ಆಧರಿಸಿ ಮಾಡೋದಾದರೆ ನೋಟೋ, ಬಾಲೂ ತಮ್ಮ, ಅನೇಕ್ ಕನ್ನಡ, ಬೆಣ್ಣೆ, ಇವೆಲ್ಲ ಮುಕ್ತ ಪರವಾನಗಿಯವು, ವ್ಯಾಪಾರಕ್ಕೆ ಬಳಸಬಹುದು. ಆದರೆ ಫಾಂಟ್‌ನಲ್ಲಿ ಟೈಪ್ ಮಾಡಿ ಹಾಗೇ ಬಿಟ್ಟರೆ ಅದನ್ನು ಲೋಗೋ ಅನ್ನೋಕಾಗಲ್ಲ. ಒತ್ತು, ಅಕ್ಷರಗಳ ನಡುವಿನ ಅಂತರ, ಒಂದೆರಡು ಅಕ್ಷರದ ತಿರುವು, ಇಷ್ಟಾದರೂ ಕೈಯಿಂದ ತಿದ್ದಿರಬೇಕು.

ಮೊದಲ ಮೂರು ಯೋಚನೆಗಳನ್ನು ಬರೀ ಕಪ್ಪಿನಲ್ಲಿ ತೋರಿಸೋಕೆ ಹೇಳಿ. ಬಣ್ಣ ಬಂದ ಕೂಡಲೇ ಮನೆಯವರೆಲ್ಲ ಬಣ್ಣದ ಬಗ್ಗೆ ಮಾತಾಡ್ತಾರೆ, ಆಕಾರ ಯಾರೂ ನೋಡಲ್ಲ. ಒಪ್ಪಿಗೆ ಕೊಡೋರು ನಿಮ್ಮಿಬ್ಬರಲ್ಲಿ ಒಬ್ಬರೇ ಅಂತ ಮೊದಲೇ ನಿಗದಿ ಮಾಡಿ, ಎಲ್ಲರ ಅಭಿಪ್ರಾಯ ಅವರೇ ಕೂಡಿಸಿ ಒಂದೇ ಮೇಲ್‌ನಲ್ಲಿ ಕಳಿಸಲಿ. "ಒತ್ತು ದಪ್ಪ ಮಾಡಿ" ಅನ್ನೋ ಬದಲು "ಹತ್ತು ಅಡಿಯಿಂದ ಒತ್ತು ಓದೋಕಾಗ್ತಿಲ್ಲ" ಅಂತ ಬರೀರಿ. ಕಷ್ಟ ಏನು ಅಂತ ನೀವು ಹೇಳಿ, ಪರಿಹಾರ ಅವರು ಹುಡುಕಲಿ. ವಾಟ್ಸಾಪ್‌ನಲ್ಲಿ ಬಂದ ಚಿತ್ರ ನೋಡಿ ತೀರ್ಮಾನ ಮಾಡಬೇಡಿ. ಪಿಡಿಎಫ್ ತರಿಸಿ, ಎ4 ಹಾಳೆಯಲ್ಲಿ ಎರಡು ಸೆಂ.ಮೀ. ಅಗಲದಲ್ಲೂ ಇಡೀ ಹಾಳೆಯ ಅಗಲದಲ್ಲೂ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ.

ಸುಲ್ತಾನ್‌ಪೇಟೆ_ಪ್ಲೇಟ್

ಅಕ್ಷರ ಸರ್ ಹೇಳಿದ್ದೆಲ್ಲ ಸರಿ. ಪ್ರಿಂಟಿಂಗ್ ಕಡೆಯಿಂದ ನಾನು ಸೇರಿಸ್ತೀನಿ, ಯಾಕಂದ್ರೆ ಲೋಗೋ ಕೆಡೋದು ಪರದೆ ಮೇಲಲ್ಲ, ಪೌಚ್ ಮೇಲೆ.

ಪೌಚ್‌ನ್ನು ಗ್ರಾವ್ಯೂರ್‌ನಲ್ಲಿ ಹೊಡೆಸಿದರೆ (ಕೊರೆದ ಸಿಲಿಂಡರ್‌ನಿಂದ ಅಚ್ಚು ಹೊಡೆಯೋ ವಿಧಾನ) ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್. ಲೋಗೋದಲ್ಲಿ ಇನ್ನೊಂದು ಬಣ್ಣ ಅಂದರೆ ಇನ್ನೊಂದು ಸಿಲಿಂಡರ್ ಖರ್ಚು, 250 ಗ್ರಾಂ ಮತ್ತು 500 ಗ್ರಾಂಗೆ ಅಳತೆ ಬೇರೆಯಾದ್ದರಿಂದ ಅದು ಎರಡರಷ್ಟು. ಜೊತೆಗೆ ಕಮ್ಮಿ ಮಾಲು ಹೊಡೆಯಲ್ಲ. ಶುರುವಿಗೆ ಪ್ಲೇನ್ ಪೌಚ್ ತಂದು ಡಿಜಿಟಲ್ ಸ್ಟಿಕ್ಕರ್ ಅಂಟಿಸೋದೇ ಲೇಸು. ಆದರೂ ಲೋಗೋ ಮಾತ್ರ ಒಂದು ಬಣ್ಣದಲ್ಲಿ, ಹೆಚ್ಚಂದರೆ ಎರಡರಲ್ಲಿ ಮುಗಿಯೋ ಹಾಗೆ ಮಾಡಿಸಿ. ಗ್ರೇಡಿಯಂಟ್, ನೆರಳು, ಹೊಳಪು, ಯಾವುದೂ ಬೇಡ.

ಕಾಫಿ ಕಂದು ಬಣ್ಣದ ಕಥೆ ಕೇಳಿ. ನಾಲ್ಕು ಬಣ್ಣದ ಪ್ರಿಂಟಿಂಗ್‌ನಲ್ಲಿ ಕಂದು ಅನ್ನೋದು ಒಂದು ಇಂಕ್ ಅಲ್ಲ; ಮೆಜೆಂಟಾ, ಹಳದಿ, ಕಪ್ಪು, ಸ್ವಲ್ಪ ಸಯಾನ್ ಒಂದರ ಮೇಲೊಂದು ಕೂತು ಆಗೋದು. ಪ್ಲೇಟ್ ಕೂದಲೆಳೆ ಜರುಗಿದರೂ ಚಿಕ್ಕ ಅಕ್ಷರದ ಅಂಚಿನಲ್ಲಿ ಕೆಂಪೋ ಹಳದಿಯೋ ಇಣುಕುತ್ತೆ. ಕಂದು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಟ್ಟಿದ್ದರೆ ಒತ್ತಿನ ಒಳಗಿನ ಸಂದಿ ಮುಚ್ಚೇ ಹೋಗುತ್ತೆ. ಅದಕ್ಕೇ ಕಂದನ್ನು ಪ್ಯಾಂಟೋನ್ ನಂಬರ್ (ಪ್ರೆಸ್‌ನವರು ಬಳಸೋ ಬಣ್ಣದ ನಂಬರ್) ಕೊಟ್ಟು ಸ್ಪಾಟ್ ಬಣ್ಣ ಮಾಡಿ, ಅಂದರೆ ಮೊದಲೇ ಬೆರೆಸಿದ ಒಂದೇ ಇಂಕ್. ನಂಬರ್ ಆರಿಸುವಾಗ ಶೇಡ್‌ಕಾರ್ಡ್ ಪುಸ್ತಕ ಬೆಳಕಿನಲ್ಲಿ ಹಿಡಿದು ನೋಡಿ, ಫೋನ್‌ನಲ್ಲಿ ಕಾಣೋ ಕಂದನ್ನು ನಂಬಬೇಡಿ.

ಕ್ರಾಫ್ಟ್ ಪೇಪರ್ ಪೌಚ್ ಈಗ ಎಲ್ಲರಿಗೂ ಇಷ್ಟ. ಅದರ ಮೈಯೇ ಕಂದು. ಅದರ ಮೇಲೆ ಕಂದು ಲೋಗೋ ಮಂಕಾಗುತ್ತೆ, ಹಸಿರು ಕೊಳೆಯಾದ ಹಾಗೆ ಕಾಣುತ್ತೆ. ಬಣ್ಣ ಬಣ್ಣವಾಗಿಯೇ ಕಾಣಬೇಕಾದರೆ ಅಡಿಯಲ್ಲಿ ಬಿಳಿ ಇಂಕ್ ಹೊಡೀಬೇಕು, ಅದು ಇನ್ನೊಂದು ಬಣ್ಣದ ಖರ್ಚು. ಕ್ರಾಫ್ಟ್ ಮೇಲೆ ಬರೀ ಕಪ್ಪು ಲೋಗೋ ಎಷ್ಟು ಲಕ್ಷಣವಾಗಿರುತ್ತೆ ಅಂತ ಒಮ್ಮೆ ಸ್ಕ್ರೀನ್ ಪ್ರಿಂಟ್ ಸ್ಯಾಂಪಲ್ ತೆಗೆಸಿ ನೋಡಿ.

ಪೌಚ್ ಮುಂದೆ ಲೋಗೋಗೆ ಎಷ್ಟು ಜಾಗ ಅಂತ ಲೆಕ್ಕ ಹಾಕುವಾಗ ಲೇಬಲ್ ನಿಯಮ ಮರೀಬೇಡಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ 51%ಗಿಂತ ಕಮ್ಮಿ ಇರೋ ಹಾಗಿಲ್ಲ, ಕಾಫಿ ಎಷ್ಟು ಚಿಕೋರಿ ಎಷ್ಟು ಅಂತ ಪ್ಯಾಕೆಟ್ ಮೇಲೆ ಹಾಕಲೇಬೇಕು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು, 14 ಅಂಕಿಯ ಲೈಸೆನ್ಸ್ ನಂಬರ್, ಹಸಿರು ಚುಕ್ಕಿ, ನಿವ್ವಳ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ತಾರೀಖು ಇವಕ್ಕೆಲ್ಲ ಜಾಗ ಬೇಕು. ಡಿಸೈನರ್‌ಗೆ ಈ ಪಟ್ಟಿ ಮೊದಲ ದಿನವೇ ಕೊಡಿ, ಇಲ್ಲಾಂದ್ರೆ ಕೊನೆ ಗಳಿಗೆಯಲ್ಲಿ ಲೋಗೋ ಕುಗ್ಗಿಸ್ತಾರೆ.

ಬೋರ್ಡ್ ವಿಷಯ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ 60% ಕನ್ನಡ, ಅದೂ ಮೇಲಿನ ಭಾಗದಲ್ಲಿ ಇರಬೇಕು. ಹತ್ತು ಅಡಿ ಅಗಲ, ಮೂರು ಅಡಿ ಎತ್ತರದ ಬೋರ್ಡ್ ಅಂದುಕೊಳ್ಳಿ. 36 ಇಂಚಿನಲ್ಲಿ 60% ಅಂದರೆ ಸುಮಾರು 21.6 ಇಂಚು ಕನ್ನಡಕ್ಕೆ. ಮೇಲೆ ಕೆಳಗೆ ಎರಡೆರಡು ಇಂಚು ಉಸಿರಾಡೋ ಜಾಗ ಬಿಟ್ಟರೆ 17.6. ಒತ್ತು ಇರೋ ಪದಕ್ಕೆ ನಡು ಅಕ್ಷರದ 1.7 ಪಟ್ಟು ಎತ್ತರ ಬೇಕಾಗುತ್ತೆ ಅಂತ ಹಿಡಿದರೆ ನಡು ಅಕ್ಷರಕ್ಕೆ ಸಿಗೋದು ಹತ್ತು ಇಂಚು ಚಿಲ್ಲರೆ. ರಸ್ತೆ ಆಚೆಯಿಂದ ಓದೋಕೆ ಇದು ಸಾಕು. ಒತ್ತು ಉದ್ದ ಇಳಿಬಿಟ್ಟು 2.2 ಪಟ್ಟು ಮಾಡಿದರೆ ಅಕ್ಷರ ಎಂಟು ಇಂಚಿಗೆ ಇಳಿಯುತ್ತೆ, ಉಳಿದದ್ದೆಲ್ಲ ಖಾಲಿ ಜಾಗ. ಅದಕ್ಕೇ ಒತ್ತಿನ ಇಳಿಜಾರು ಎಷ್ಟು ಅನ್ನೋದು ಲೋಗೋ ಹಂತದಲ್ಲೇ ತೀರ್ಮಾನ ಆಗಬೇಕು.

ಎಸಿಪಿ (ಅಲ್ಯೂಮಿನಿಯಂ ಹಾಳೆಯ ಬೋರ್ಡ್) ಮೇಲೆ ಲೈಟ್ ಬರೋ ಅಕ್ರಿಲಿಕ್ ಅಕ್ಷರ ಮಾಡಿಸೋದಾದರೆ ಗೆರೆಯ ದಪ್ಪ ಒಂದೂವರೆ ಇಂಚಾದರೂ ಇರಲಿ, ಒಳಗೆ ಎಲ್‌ಇಡಿ ಕೂರಬೇಕಲ್ಲ. ಒತ್ತು ತೆಳ್ಳಗಾಗಿದ್ದರೆ ಅದಕ್ಕೆ ಮಾತ್ರ ಲೈಟ್ ಬರಲ್ಲ, ರಾತ್ರಿ ನಿಮ್ಮ ಹೆಸರು ಬೇರೇನೋ ಆಗಿ ಕಾಣುತ್ತೆ. ಫ್ಲೆಕ್ಸ್‌ಗೆ ಹೋಗಲೇಬೇಡಿ, 2016ರ ರಾಜ್ಯದ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲೇ ಅದಿದೆ. ವಿನೈಲ್, ಎಸಿಪಿ ಶೀಟು ಪ್ಯಾಂಟೋನ್ ಲೆಕ್ಕದಲ್ಲಿ ಸಿಗಲ್ಲ. ಅವರ ಶೇಡ್‌ಕಾರ್ಡ್‌ನಲ್ಲಿ ಹತ್ತಿರದ್ದು ಯಾವುದು ಅಂತ ಡಿಸೈನರೇ ನೋಡಿ ನಂಬರ್ ಬರೆದುಕೊಡಲಿ.

ಡಿಕಾಕ್ಷನ್_560004

ಇಬ್ಬರಿಗೂ ತುಂಬಾ ಧನ್ಯವಾದ. ಎರಡನೇ ಡಿಸೈನರ್‌ರ ಎರಡು ಕನ್ನಡ ಬೋರ್ಡ್ ನೋಡಿದ್ವಿ, ಒತ್ತು ಚೆನ್ನಾಗಿ ಕೂರಿಸಿದ್ದಾರೆ. ಕನ್ನಡವೇ ಮೊದಲು ಅಂತ ಅವರೂ ಒಪ್ಪಿದ್ರು. ಈಗ ಮೂರು ಸಂಶಯ. ಶೇ. 50 ಅಡ್ವಾನ್ಸ್ ಕೇಳ್ತಾರೆ. ಸೋರ್ಸ್ ಫೈಲ್ ಬೇಕಾದರೆ ಇನ್ನೂ ₹15,000 ಅಂತಾರೆ. ಅಣ್ಣನಿಗೆ ಹೆಸರಿನ ಅನುಸ್ವಾರದ ಸೊನ್ನೆಯನ್ನೇ ಕಾಫಿ ಬೀಜ ಮಾಡಿಸಬೇಕು ಅಂತ ಆಸೆ, ಟ್ಯಾಗ್‌ಲೈನ್‌ನಲ್ಲಿ ಚಿಕ್ಕಮಗಳೂರು ಹೆಸರೂ ಬರಬೇಕಂತೆ.

ವರ್ಗ_30

ಹಕ್ಕಿನ ವಿಷಯ ನಾನು ಹೇಳ್ತೀನಿ. ದುಡ್ಡು ಕೊಟ್ಟ ಮಾತ್ರಕ್ಕೆ ಲೋಗೋದ ಕಾಪಿರೈಟ್ ನಿಮಗೆ ಬಂದುಬಿಡುತ್ತೆ ಅಂದುಕೊಳ್ಳಬೇಡಿ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಕೃತಿ ರಚಿಸಿದವರೇ ಮೊದಲ ಒಡೆಯರು. ಸಂಬಳದ ನೌಕರ ಕೆಲಸದ ಭಾಗವಾಗಿ ಮಾಡಿದ್ದರೆ ಮಾತ್ರ ಅದು ಮಾಲೀಕರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಫ್ರೀಲಾನ್ಸ್ ಡಿಸೈನರ್ ನಿಮ್ಮ ನೌಕರರಲ್ಲ. ಹಾಗಾಗಿ ಬರವಣಿಗೆಯಲ್ಲಿ, ಸಹಿ ಹಾಕಿದ ಹಕ್ಕು ವರ್ಗಾವಣೆ ಪತ್ರ ಬೇಕು.

ಆ ಪತ್ರದಲ್ಲಿ ಏನು ಬರೀದೆ ಬಿಟ್ಟರೆ ಏನಾಗುತ್ತೆ ಅಂತ 19ನೇ ಸೆಕ್ಷನ್ ಹೇಳುತ್ತೆ, ಗಮನವಿಟ್ಟು ನೋಡಿ. ಅವಧಿ ಬರೀದಿದ್ದರೆ ಐದು ವರ್ಷ ಅಂತ ಲೆಕ್ಕ. ಪ್ರದೇಶ ಬರೀದಿದ್ದರೆ ಭಾರತದೊಳಗೆ ಮಾತ್ರ. ವರ್ಗಾವಣೆಯಾದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ಥರ ಹೇಳಿಲ್ಲದಿದ್ದರೆ, ಅದು ಹೋಗುತ್ತೆ. ಅದಕ್ಕೆ ಹೀಗೆ ಬರೆಸಿಕೊಳ್ಳಿ:

"ಪೂರ್ತಿ ಹಣ ಸಂದ ದಿನದಿಂದ, ಅಂತಿಮ ಲೋಗೋ ಮತ್ತು ಅದರ ಎಲ್ಲ ರೂಪಗಳ ಕಾಪಿರೈಟನ್ನು, ಕಾಪಿರೈಟ್ ಇರುವಷ್ಟು ಕಾಲಕ್ಕೂ, ಪ್ರಪಂಚದ ಎಲ್ಲ ಕಡೆಗೂ, ಎಲ್ಲ ಮಾಧ್ಯಮಗಳಿಗೂ ವರ್ಗಾಯಿಸಿದ್ದೇನೆ. ಒಂದು ವರ್ಷದೊಳಗೆ ಬಳಸದಿದ್ದರೂ ಈ ವರ್ಗಾವಣೆ ರದ್ದಾಗುವುದಿಲ್ಲ. ಈ ಕೃತಿ ಸ್ವಂತ ರಚನೆ. ಟೆಂಪ್ಲೇಟ್ ಅಥವಾ ಬೇರೆಯವರ ಚಿತ್ರ ಬಳಸಿಲ್ಲ."

ಅಕ್ಷರ ಬರೆಯೋ ಕೆಲಸವನ್ನು ಅವರು ಇನ್ನೊಬ್ಬರಿಂದ ಮಾಡಿಸಿದ್ದರೆ ಆ ಇನ್ನೊಬ್ಬರ ಸಹಿಯೂ ಬೇಕು. ತಿರಸ್ಕರಿಸಿದ ಎರಡು ಯೋಚನೆಗಳು ಡಿಸೈನರ್ ಹತ್ತಿರವೇ ಉಳಿಯೋದು ನ್ಯಾಯ. ಅವರ ಪೋರ್ಟ್‌ಫೋಲಿಯೋದಲ್ಲಿ ನಿಮ್ಮ ಲೋಗೋ ತೋರಿಸೋಕೂ ಒಪ್ಪಿಗೆ ಕೊಡಿ.

ಟ್ರೇಡ್‌ಮಾರ್ಕ್‌ಗೆ ಲೋಗೋ ಮುಗಿಯೋವರೆಗೆ ಕಾಯಬೇಡಿ. ಹೆಸರನ್ನು ಪದವಾಗಿ ಈಗಲೇ ಹಾಕಬಹುದು. ಮೊದಲು ಸರ್ಕಾರದ ಟ್ರೇಡ್‌ಮಾರ್ಕ್ ತಾಣ ಐಪಿ ಇಂಡಿಯಾದ ಸಾರ್ವಜನಿಕ ಹುಡುಕಾಟದಲ್ಲಿ ನೋಡಿ. ಹುಡುಕುವಾಗ ಉಚ್ಚಾರಣೆ ಹತ್ತಿರ ಇರೋ ಹೆಸರುಗಳೂ ಬರಬೇಕು, ಕಾಗುಣಿತ ಬದಲಾದ ಮಾತ್ರಕ್ಕೆ ಬಚಾವಾಗಲ್ಲ. ಅರ್ಜಿಯಲ್ಲಿ ಸರಕು, ಸೇವೆಯ ವರ್ಗ ಹೇಳಬೇಕು: ಕಾಫಿಪುಡಿ 30ನೇ ವರ್ಗ, ಅಂಗಡಿ ವ್ಯಾಪಾರ 35, ಕಾಫಿ ಮಾಡಿ ಬಡಿಸೋ ಕೌಂಟರ್ 43. ಅರ್ಜಿ ಟಿಎಂ-ಎ, ಆನ್‌ಲೈನ್ ಶುಲ್ಕ ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ಯಮಕ್ಕೆ ಪ್ರತಿ ವರ್ಗಕ್ಕೆ ₹4,500, ಉಳಿದವರಿಗೆ ₹9,000. ನಿಮ್ಮದು ಪಾಲುದಾರಿಕೆ, ಆದ್ದರಿಂದ ಉದ್ಯಮ್ (ಸಣ್ಣ ಉದ್ಯಮ ಅಂತ ಸರ್ಕಾರ ಕೊಡೋ) ನೋಂದಣಿ ಪತ್ರ ಲಗತ್ತಿಸಿದರೆ ಕಡಿಮೆ ಶುಲ್ಕ. ಕರ್ನಾಟಕಕ್ಕೆ ಚೆನ್ನೈ ಕಚೇರಿಯ ವ್ಯಾಪ್ತಿ. ಕನ್ನಡದಲ್ಲಿ ಹೆಸರು ಹಾಕಿದರೆ ಅದರ ಉಚ್ಚಾರಣೆ ಮತ್ತು ಅರ್ಥ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕು. ಪರಿಶೀಲನೆ ದಾಟಿ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಆಕ್ಷೇಪಕ್ಕೆ ನಾಲ್ಕು ತಿಂಗಳು. ನೋಂದಣಿ ಹತ್ತು ವರ್ಷ, ಆಮೇಲೆ ನವೀಕರಣ.

ಲೋಗೋ ಚಿತ್ರದ ಅರ್ಜಿಯನ್ನು ಕಪ್ಪು ಬಿಳುಪಿನಲ್ಲೇ ಹಾಕಿ, 8 ಸೆಂ.ಮೀ. ಚೌಕದೊಳಗೆ. ಬಣ್ಣಕ್ಕೆ ಸೀಮಿತ ಮಾಡದ ನೋಂದಣಿ ಎಲ್ಲ ಬಣ್ಣಕ್ಕೂ ಅನ್ವಯಿಸುತ್ತೆ. ನೋಂದಣಿ ಆಗೋವರೆಗೆ ಟಿಎಂ ಗುರುತು ಹಾಕಬಹುದು, ವೃತ್ತದೊಳಗಿನ ಆರ್ ಗುರುತು ಹಾಕಿದರೆ ಕಾನೂನಿನ ತಪ್ಪು. ಪೌಚ್ ಪ್ರಿಂಟ್‌ಗೆ ಕೊಡುವಾಗ ಇದನ್ನೇ ಮೊದಲು ನೋಡಿ.

ಚಿಕ್ಕಮಗಳೂರು ಹೆಸರಿನ ಬಗ್ಗೆ ಅಣ್ಣನವರಿಗೆ ಹೇಳಿ: ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಕೂರ್ಗ್ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆ (ಆ ಪ್ರದೇಶದ ಬೆಳೆಗೆ ಮಾತ್ರ ಆ ಹೆಸರು ಅನ್ನೋ ನೋಂದಣಿ) ಸಿಕ್ಕಿದೆ. ಬೇರೆ ಕಡೆಯ ಬೀಜ ಬೆರೆಸಿ ಆ ಹೆಸರು ಹಾಕಿದರೆ ತಕರಾರು ಬರುತ್ತೆ, ಲೋಗೋದೊಳಗೇ ಸೇರಿಸಿದ್ದರೆ ಟ್ರೇಡ್‌ಮಾರ್ಕ್ ಅರ್ಜಿಗೂ ಆಕ್ಷೇಪಣೆ ಬರುತ್ತೆ. ಬೀಜದ ಮೂಲವನ್ನು ಪ್ಯಾಕೆಟ್ ಹಿಂಬದಿಯಲ್ಲಿ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಇನ್ನೊಂದು: ಕನ್ನಡದ ಸೊಗಡು ಬರಲಿ ಅಂತ ಕೆಲವರು ಗಂಡಭೇರುಂಡ ಹಾಕಿಕೊಡ್ತಾರೆ. ಅದು ರಾಜ್ಯ ಲಾಂಛನ. ಲಾಂಛನದಂತೆ ಕಾಣೋ ಯಾವುದನ್ನೂ ಲಾಂಛನ, ಹೆಸರುಗಳ ದುರ್ಬಳಕೆ ತಡೆಯೋ 1950ರ ಕಾಯ್ದೆ ವ್ಯಾಪಾರಕ್ಕೆ ಬಿಡಲ್ಲ.

ಗಲ್ಲಿ_ವ್ಯಾಪಾರ

ಒಂದು ಭಿನ್ನಾಭಿಪ್ರಾಯ. ಈಗಷ್ಟೇ ಒಂದು ಸಣ್ಣ ಕೌಂಟರ್‌ನಿಂದ ಶುರು ಮಾಡೋರು ಈ ಥ್ರೆಡ್ ಓದಿ ₹45,000 ಕಡ್ಡಾಯ ಅಂದುಕೊಳ್ಳಬಾರದು. ಅಂಥವರು ಪದದ ಟ್ರೇಡ್‌ಮಾರ್ಕ್ ಒಂದು ಹಾಕಿ, ಮುಕ್ತ ಪರವಾನಗಿಯ ಒಳ್ಳೆ ಕನ್ನಡ ಫಾಂಟ್‌ನಲ್ಲಿ ಹೆಸರನ್ನು ಸರಿಯಾದ ಅಂತರದಲ್ಲಿ ಬರೆಸಿ, ಕಪ್ಪು ಒಂದೇ ಬಣ್ಣದಲ್ಲಿ ವ್ಯಾಪಾರ ಶುರು ಮಾಡಬಹುದು. ಚಿತ್ರ, ಗುರುತು ಏನೂ ಬೇಡ. ವ್ಯಾಪಾರ ಕುದುರಿದ ಮೇಲೆ ಡಿಸೈನರ್ ಹತ್ತಿರ ಹೋದರೆ ಬದಲಾಯಿಸಬೇಕಾದ್ದು ಕಡಿಮೆ ಇರುತ್ತೆ. ಟೆಂಪ್ಲೇಟ್ ಚಿತ್ರ ಅಂಟಿಸಿಕೊಂಡು ಶುರು ಮಾಡಿದರೆ ಮಾತ್ರ ಆಮೇಲೆ ಎಲ್ಲ ಕಿತ್ತು ಹಾಕಬೇಕಾಗುತ್ತೆ. ಡಿಕಾಕ್ಷನ್ ಅವರಿಗೆ ಎರಡು ಅಂಗಡಿ, ಪೌಚ್, ಆನ್‌ಲೈನ್ ಇದೆ, ಅವರ ಲೆಕ್ಕ ಬೇರೆ.

ಅಕ್ಷರ_ಅಳತೆ

ಗಲ್ಲಿ ವ್ಯಾಪಾರ ಅವರ ಮಾತು ಒಪ್ಪಬೇಕಾದ್ದೇ.

ಬೀಜದ ಅನುಸ್ವಾರ: ಅಣ್ಣನವರ ಆಸೆ ಅರ್ಥವಾಗುತ್ತೆ, ಆದರೆ ಆ ಸೊನ್ನೆ ಒಂದು ಅಕ್ಷರ. ಅದನ್ನು ಬೀಜ ಮಾಡಿ ಬೇರೆ ಬಣ್ಣ ಕೊಟ್ಟ ಕೂಡಲೇ ಕಣ್ಣು ಅದನ್ನು ಅಲಂಕಾರ ಅಂತ ಬಿಟ್ಟು ಮುಂದೆ ಹೋಗುತ್ತೆ, 'ಅಂಗಡಿ' ಅನ್ನೋದು 'ಅಗಡಿ' ಆಗುತ್ತೆ. ಬಿಲ್ ಪ್ರಿಂಟರ್‌ನಲ್ಲಿ ಬೀಜದ ನಡುವಿನ ಸೀಳು ಮುಚ್ಚಿ ಬರೀ ಕಪ್ಪು ಮೊಟ್ಟೆ ಉಳಿಯುತ್ತೆ. ಮಾಡಲೇಬೇಕಿದ್ದರೆ ಉಳಿದ ಅಕ್ಷರಗಳ ಬಣ್ಣದಲ್ಲೇ, ಅದೇ ದಪ್ಪದ ಗೆರೆಯಲ್ಲಿ, ಸೀಳನ್ನು ಒಂದೇ ಅಗಲ ಗೀಟಾಗಿ ಬಿಡಿಸಿ. ಹೆಸರು ಗೊತ್ತಿಲ್ಲದ ಐದು ಜನಕ್ಕೆ ಎರಡು ಸೆಂ.ಮೀ. ಪ್ರಿಂಟ್ ಕೊಟ್ಟು ಜೋರಾಗಿ ಓದಿಸಿ. ಒಬ್ಬರು ಅನುಸ್ವಾರ ಬಿಟ್ಟು ಓದಿದರೂ ಬೀಜ ಬೇಡ.

ಅಡ್ವಾನ್ಸ್ ಶೇ. 50 ಊರಲ್ಲಿ ನಡೆಯೋ ಪದ್ಧತಿಯೇ. ನಿಮಗೂ ಸಮಾಧಾನ ಇರಬೇಕಾದರೆ ಶೇ. 40 ಶುರುವಿಗೆ, 30 ಕಪ್ಪು ರೂಪ ಒಪ್ಪಿದಾಗ, 30 ಫೈಲ್ ಕೈಗೆ ಬಂದಾಗ ಅಂತ ಕೇಳಿ. ಮೂರೂ ಯೋಚನೆ ಹಿಡಿಸದಿದ್ದರೆ ಅಲ್ಲಿಗೆ ನಿಲ್ಲಿಸಿ ಅಡ್ವಾನ್ಸ್ ಬಿಟ್ಟುಕೊಡೋದು ಅಂತ ಒಂದು ಸಾಲು ಸೇರಿಸಿದರೆ ಜಗಳ ಬರಲ್ಲ. ಎರಡು ಸುತ್ತು ಮೀರಿದ ತಿದ್ದುಪಡಿಗೆ ಎಷ್ಟು ಅಂತಲೂ ಈಗಲೇ ಬರೆಸಿ.

ಸೋರ್ಸ್ ಫೈಲ್‌ಗೆ ₹15,000 ಬೇರೆ ಅನ್ನೋದನ್ನು ನಾನು ಒಪ್ಪಲ್ಲ. ಲೋಗೋ ವಿಷಯದಲ್ಲಿ ವೆಕ್ಟರ್ ಫೈಲೇ (ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ಗೆರೆಗಳ ಫೈಲ್) ಸರಕು, ಪಿಎನ್‌ಜಿ ಅದರ ಫೋಟೋ ಅಷ್ಟೆ. ಅವರ ಕರಡು, ಪೆನ್ಸಿಲ್ ಸ್ಕೆಚ್ ಅವರ ಹತ್ತಿರ ಇರಲಿ, ಆದರೆ ಅಂತಿಮ ವೆಕ್ಟರ್ ₹45,000ದಲ್ಲೇ ಸೇರಬೇಕು. ಪಟ್ಟಿ ಹೀಗೆ ಕೊಡಿ: ಎಐ ಮತ್ತು ಎಸ್‌ವಿಜಿ, ಪ್ರೆಸ್‌ಗೆ ಪಿಡಿಎಫ್, ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ. ಇಷ್ಟೂ ಅಡ್ಡ ಜೋಡಣೆ, ಮೇಲೆ ಕೆಳಗೆ ಜೋಡಣೆ, ಬರೀ ಗುರುತು, ಬರೀ ಕನ್ನಡ ಹೆಸರು, ಈ ನಾಲ್ಕು ರೂಪದಲ್ಲಿ. ಪ್ರತಿಯೊಂದೂ ಪೂರ್ಣ ಬಣ್ಣ, ಕಪ್ಪು, ಬಿಳಿ. ಬಿಲ್ ಪ್ರಿಂಟರ್‌ಗೆ 384 ಚುಕ್ಕಿ ಅಗಲದ, ಬೂದು ಇಲ್ಲದ ಕಪ್ಪು ಚಿತ್ರ ಬೇರೆಯಾಗಿ ಮಾಡಿಸಿ, ದೊಡ್ಡದನ್ನು ಕುಗ್ಗಿಸಿದರೆ ಗೆರೆ ಮುರಿಯುತ್ತೆ. ಒಂದು ಪುಟದಲ್ಲಿ ಬಣ್ಣದ ನಂಬರ್ (ಪ್ಯಾಂಟೋನ್, ನಾಲ್ಕು ಬಣ್ಣದ ಪ್ರಿಂಟ್‌ಗೆ ಸಿಎಂವೈಕೆ, ಪರದೆಗೆ ಆರ್‌ಜಿಬಿ), ಎಷ್ಟಕ್ಕಿಂತ ಚಿಕ್ಕದಾಗಿ ಬಳಸಬಾರದು, ಸುತ್ತ ಎಷ್ಟು ಜಾಗ ಬಿಡಬೇಕು.

ಅಕ್ಷರಗಳೆಲ್ಲ ಔಟ್‌ಲೈನ್ ಆಗಿವೆಯಾ, ಅಂದರೆ ಫಾಂಟ್ ಇಲ್ಲದೆಯೂ ಕಾಣೋ ಆಕಾರಗಳಾಗಿವೆಯಾ ಅಂತ ನೋಡೋದು ಸುಲಭ. ಕೊನೆ ಕಂತು ಕೊಡೋ ಮುಂಚೆ ಪಿಡಿಎಫ್‌ನ್ನು ಯಾವುದಾದರೂ ಪ್ರೆಸ್‌ನ ಕೋರೆಲ್‌ಡ್ರಾದಲ್ಲಿ ತೆರೆಸಿ. ನುಡಿ, ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿ ಹಾಗೇ ಬಿಟ್ಟಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತೆ. ಯೂನಿಕೋಡ್ ಆಗಿದ್ದರೆ ಒತ್ತು ಒಡೆದಿರುತ್ತೆ. ಸರಿಯಾಗಿ ಬಂದರೆ ಅಲ್ಲೇ ಕಪ್ಪಿನಲ್ಲಿ ಒಂದು ಪ್ರಿಂಟ್, ಹತ್ತು ಪಟ್ಟು ಹಿಗ್ಗಿಸಿ ಅಂಚು ನುಣುಪಾಗಿದೆಯಾ ಅಂತ ಒಂದು ನೋಟ, ಆಮೇಲೆ ವರ್ಗಾವಣೆ ಪತ್ರಕ್ಕೆ ಸಹಿ, ಆಮೇಲೆ ಚೆಕ್.

ಸುಲ್ತಾನ್‌ಪೇಟೆ_ಪ್ಲೇಟ್

ಒಂದು ಮರೆತಿದ್ದೆ. ಸ್ಟಿಕ್ಕರ್ ಆರ್ಡರ್ ಕೊಡುವಾಗ ಮೊದಲ ಕಂತು ಕಮ್ಮಿ ಹೊಡೆಸಿ. ಹುರಿದ ಪುಡಿಯಿಂದ ಗ್ಯಾಸ್ ಬರುತ್ತೆ, ಅದನ್ನು ಹೊರಬಿಡೋ ವಾಲ್ವ್ ಇಲ್ಲದ ಪೌಚ್ ಉಬ್ಬುತ್ತೆ, ಉಬ್ಬಿದಾಗ ನಡುವೆ ಅಂಟಿಸಿದ ಸ್ಟಿಕ್ಕರ್ ಸುಕ್ಕಾಗಿ ಲೋಗೋ ಮಡಚಿಕೊಳ್ಳುತ್ತೆ. ವಾಲ್ವ್ ಇರೋ ಪೌಚ್ ತಗೊಂಡರೆ ವಾಲ್ವ್ ಎಲ್ಲಿದೆ ಅಂತ ಅಳತೆ ತೆಗೆದು ಡಿಸೈನರ್‌ಗೆ ಕಳಿಸಿ. ಸಾಮಾನ್ಯವಾಗಿ ಅದು ಲೋಗೋ ಬರಬೇಕಾದ ಮೇಲ್ಭಾಗದಲ್ಲೇ ಇರುತ್ತೆ. ಪುಡಿ ತುಂಬಿದ ಪೌಚ್ ಮೇಲೆ ಅಂಟಿಸಿ ಒಂದು ವಾರ ಇಟ್ಟು ನೋಡಿದ ಮೇಲೆ ಉಳಿದ ಮಾಲು ಹೊಡೆಸಿ.